ಮಷಿನ್ ಕೊಡೋ ಬದ್ಲು ಸಂಬಳ ಕೊಡಿ: ಊರಿನ ಹೊಸ ಪ್ರಯತ್ನಕ್ಕೆ ಬೆನ್ನಿಗೆ ನಿಲ್ಲೋದು ಹೇಗೆ

ನಾವು ಹಳೇ ವಿದ್ಯಾರ್ಥಿಗಳೆಲ್ಲ ದುಡ್ಡು ಹಾಕಿ ಊರಿನ ಶಾಲೆಗೆ ಆರು ಕಂಪ್ಯೂಟರ್ ಕೊಟ್ವಿ. ಶಾಲು, ಹಾರ, ಭಾಷಣ ಎಲ್ಲ ಆಯ್ತು, ಆ ಫೋಟೋ ಇವತ್ತಿಗೂ ನಮ್ಮ ವಾಟ್ಸಾಪ್ ಗ್ರೂಪಿನ ಡಿಪಿ. ಎರಡು ವರ್ಷ ಬಿಟ್ಟು ಜಾತ್ರೆಗೆ ಹೋದಾಗ ನೋಡಿದ್ರೆ ರೂಮಿಗೆ ಬೀಗ, ಒಳಗೆ ಮಾನಿಟರ್ ಮೇಲೆ ನಾವೇ ಹೊದಿಸಿದ್ದ ಪ್ಲಾಸ್ಟಿಕ್ ಕವರ್ ಹಾಗೇ ಇದೆ, ಯುಪಿಎಸ್ ಬ್ಯಾಟರಿ ಉಬ್ಬಿ ಹೊಟ್ಟೆ ಬಿಟ್ಕೊಂಡಿದೆ. "ಹೇಳ್ಕೊಡೋರು ಯಾರಿದ್ದಾರೆ ಸಾರ್" ಅಂದ್ರು ಮೇಷ್ಟ್ರು. ತಪ್ಪು ಅವರದ್ದಲ್ಲ, ಹೇಳ್ಕೊಡೋರು ಯಾರು ಅಂತ ನಮ್ಮಲ್ಲಿ ಒಬ್ರೂ ಕೇಳಿರ್ಲಿಲ್ಲ. ಆಮೇಲೆ ಕಲ್ತಿದ್ದನ್ನ ಬರೀತಿದೀನಿ, ನಿಮ್ಮ ಗ್ಯಾಂಗೂ ಊರಿಗೆ ಏನಾದ್ರೂ ಮಾಡ್ಬೇಕು ಅಂತ ಹೊರಟಿದ್ರೆ ಓದಿ.

ಮೊದಲನೇದು, ಹೊಸದೇನೂ ಶುರು ಮಾಡೋಕೆ ಹೋಗ್ಬೇಡಿ. ನಿಮ್ಮೂರಲ್ಲೋ ಪಕ್ಕದೂರಲ್ಲೋ ಯಾರೋ ಒಬ್ರು ಆಗ್ಲೇ ಏನೋ ಮಾಡ್ತಿರ್ತಾರೆ, ಸಂಜೆ ಮಕ್ಕಳನ್ನ ಜಗುಲಿ ಮೇಲೆ ಕೂರಿಸ್ಕೊಂಡು ಓದಿಸೋ ಅಕ್ಕ ಇರಬಹುದು, ಒಣಕಸ ಬೇರೆ ಮಾಡಿ ಗುಜರಿಗೆ ಕೊಟ್ಟು ಸಂಘದ ಖರ್ಚು ತೂಗಿಸೋ ಹೆಂಗಸರು ಇರಬಹುದು. ಅವರ ಜೊತೆ ಸುಮ್ನೆ ಎರಡು ದಿನ ಇರಿ, ಕೈಯಲ್ಲಿ ಫಾರಂ ಪೆನ್ನು ಹಿಡ್ಕೊಂಡಲ್ಲ. "ನಿಮಗೆ ಏನು ಬೇಕು" ಅಂತ ಕೇಳಿದ್ರೆ ನೀವು ಕೊಡಬಹುದು ಅಂತ ಅವರಿಗೆ ಅನ್ಸಿದ್ದನ್ನ ಹೇಳ್ತಾರೆ. "ಹೋದ ತಿಂಗಳು ಯಾವತ್ತು ಕೆಲಸ ನಿಂತೋಯ್ತು, ಯಾಕೆ?" ಅಂತ ಕೇಳಿ, ಆಗ ನಿಜ ಹೊರಗೆ ಬರುತ್ತೆ.

ಯಾಕಂದ್ರೆ ಕೆಲಸ ಸಿಕ್ಕಾಕೊಳ್ಳೋ ಜಾಗ ಸಾಮಾನ್ಯವಾಗಿ ನಾವು ಅಂದ್ಕೊಂಡಿದ್ದಲ್ಲ. ಸೋಲಾರ್ ಕಂಪನಿ ಸೆಲ್ಕೋ ಕಥೆ ನೋಡಿ. 1995ರಲ್ಲಿ ಹರೀಶ್ ಹಂದೆ ಮತ್ತೆ ಜೊತೆಗಾರರು ಕರ್ನಾಟಕದಲ್ಲಿ ಸೋಲಾರ್ ದೀಪ ಮಾರೋಕೆ ಶುರು ಮಾಡಿದಾಗ ಬಡವರಿಗೆ ಇದೆಲ್ಲ ಆಗದ ಮಾತು ಅನ್ನೋರೇ ಜಾಸ್ತಿ. ಆದ್ರೆ ಅಡ್ಡ ಬಂದಿದ್ದು ದೀಪದ ರೇಟಿಗಿಂತ ದುಡ್ಡು ಕಟ್ಟೋ ರೀತಿ. ತಿಂಗಳಿಗೆ 300 ರೂಪಾಯಿ ಅಂದ್ರೆ ಭಾರ, ದಿನಕ್ಕೆ 10 ರೂಪಾಯಿ ಆದ್ರೆ ಕೊಡ್ತೀನಿ ಅಂತ ಬೀದಿ ವ್ಯಾಪಾರದ ಒಬ್ಬ ಹೆಂಗಸು ಹೇಳಿದ್ದನ್ನ ಹಂದೆ ಎಷ್ಟೋ ಕಡೆ ನೆನೆಸ್ಕೊಂಡಿದ್ದಾರೆ. ಲೆಕ್ಕ ಅದೇ, ಆದ್ರೆ ದಿನಾ ದುಡಿದು ದಿನಾ ತಿನ್ನೋರ ಕೈಲಿ ತಿಂಗಳ ಕೊನೆಗೆ 300 ಉಳಿಯಲ್ಲ ಅಷ್ಟೇ. ಆಮೇಲೆ ಬ್ಯಾಂಕ್ ಸಾಲಕ್ಕೆ ಮುಂಗಡ ಕಟ್ಟೋಕಾಗದೆ ಹಿಂದೆ ಸರಿಯೋರು ಇದ್ರು, ಅಂಥವರ ಮುಂಗಡಕ್ಕೆ ಮಾತ್ರ ಹೊರಗಿನ ದುಡ್ಡು ಹೊಂದಿಸಿದ್ರು, ಬಾಕಿದು ಗ್ರಾಮೀಣ ಬ್ಯಾಂಕ್ ಸಾಲ. ದಾನದ ದುಡ್ಡು ಇಡಬೇಕಾದ್ದು ಇಂಥ ಸಂದಿಯಲ್ಲಿ, ಪೂರ್ತಿ ದೀಪ ಫ್ರೀ ಕೊಡೋದ್ರಲ್ಲಲ್ಲ. ಕೆಟ್ಟರೆ ಬಂದು ರಿಪೇರಿ ಮಾಡೋ ಹುಡುಗ ಹತ್ತಿರದಲ್ಲೇ ಇರಲಿ ಅಂತ ಊರುಗಳ ಕಡೆ ಸರ್ವಿಸ್ ಬ್ರಾಂಚ್ ಇಟ್ರಲ್ಲ, ನನ್ನ ಪ್ರಕಾರ ದೊಡ್ಡ ಇನ್ನೋವೇಶನ್ ಅದೇ. ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, ಆದ್ರೆ ಆ ರಿಪೇರಿ ಹುಡುಗನ ಫೋಟೋ ಯಾರ ಡಿಪಿಯಲ್ಲೂ ಇರಲ್ಲ.

ಈಗ ದುಡ್ಡಿನ ವಿಷಯ. ಒಂದೇ ಸಲ ಮೂರು ಲಕ್ಷದ ಸಾಮಾನು ತಂದು ಹಾಕೋ ಬದ್ಲು ಅದೇ ಮೂರು ಲಕ್ಷನ ಮೂರು ವರ್ಷಕ್ಕೆ ಹಂಚಿ, ತಿಂಗಳಿಗೆ ಎಂಟು ಸಾವಿರದ ಮೇಲೆ ಬೀಳುತ್ತೆ, ಊರಲ್ಲೇ ಇರೋ ಒಬ್ರು ಅರ್ಧ ದಿನ ಕೆಲಸ ಮಾಡೋಕೆ ಅದೊಂದು ಆಧಾರ. ಜನ ಒಪ್ಪಲ್ಲ, ಗೊತ್ತು. ನಮ್ಮ ಗ್ರೂಪಲ್ಲೂ "ಸಂಬಳಕ್ಕೆ ಯಾಕ್ರೀ, ಸೇವಾ ಮನೋಭಾವ ಇರ್ಬೇಕು" ಅಂತ ಒಬ್ರು ಮೆಸೇಜ್ ಹಾಕಿದ್ರು, ಅವರು ಐಟಿ ಕಂಪನಿಯಲ್ಲಿ ಇಂಕ್ರಿಮೆಂಟ್ ಕಮ್ಮಿ ಆಯ್ತು ಅಂತ ಹಿಂದಿನ ವಾರ ತಾನೇ ಅತ್ತಿದ್ರು, ಇರ್ಲಿ ಬಿಡಿ. ಸಂಬಳದ ಜೊತೆ ಕರೆಂಟ್ ಬಿಲ್, ಬಸ್ ಚಾರ್ಜು, ಕೆಟ್ಟಿದ್ದಕ್ಕೆ ರಿಪೇರಿ ಅಂತ ಸ್ವಲ್ಪ ಬೇರೆ ಇಡಿ. ಮೊದಲನೇ ವರ್ಷ ಒಂದಿಷ್ಟು ಕೆಲಸ ಕೆಡುತ್ತೆ, ಕೆಟ್ಟಿದ್ದನ್ನ ನಿಮ್ಮ ಮುಂದೆ ಹೇಳೋಕೆ ಅವರಿಗೆ ಭಯ ಇಲ್ಲದ ಹಾಗೆ ನೋಡ್ಕೊಳಿ, ಇಲ್ಲಾಂದ್ರೆ ಎಲ್ಲ ಚೆನ್ನಾಗಿದೆ ಅನ್ನೋ ರಿಪೋರ್ಟೇ ಬರ್ತಾ ಇರುತ್ತೆ.

ಕಾಗದ ಪತ್ರ ಬೇಗ ಹೇಳಿ ಮುಗಿಸ್ತೀನಿ. ನೀವು ದುಡ್ಡು ಕೊಡೋ ಟ್ರಸ್ಟ್ ಅಥವಾ ಸೊಸೈಟಿಗೆ 80ಜಿ ಅಂತ ಕರೆಯೋ ನೋಂದಣಿ ಇದ್ರೆ ಹಳೇ ಟ್ಯಾಕ್ಸ್ ಪದ್ಧತಿಯಲ್ಲಿ ಇರೋ ದಾನಿಗಳಿಗೆ ಇನ್‌ಕಮ್ ಟ್ಯಾಕ್ಸ್ ವಿನಾಯಿತಿ ಸಿಗುತ್ತೆ, ಆದ್ರೆ 2000 ರೂಪಾಯಿ ಮೀರಿ ಕ್ಯಾಶಲ್ಲಿ ಕೊಟ್ಟಿದ್ದಕ್ಕೆ ಸಿಗಲ್ಲ, ಹಾಗಾಗಿ ಬ್ಯಾಂಕಲ್ಲೇ ಹಾಕಿ. ನಿಮ್ಮ ಕಂಪನಿ ಸಿಎಸ್ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಮಾಡ್ಬೇಕಾದ ಖರ್ಚು) ಅಡಿ ಬರುತ್ತೆ ಅಂದ್ರೆ 2013ರ ಕಂಪನಿ ಕಾಯ್ದೆ ಪ್ರಕಾರ ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಖರ್ಚು ಮಾಡ್ಲೇಬೇಕು, ಸಂಸ್ಥೆ ಮೂಲಕ ಕೊಡೋದಾದ್ರೆ ಆ ಸಂಸ್ಥೆ ಸಿಎಸ್ಆರ್-1 ಅನ್ನೋ ನೋಂದಣಿ ಫಾರಂ ತುಂಬಿರಬೇಕು. ಮಾರ್ಚಲ್ಲಿ ದುಡ್ಡು ಉಳ್ದಿದೆ ಬೇಗ ಏನಾದ್ರೂ ಹೇಳಿ ಅಂತ ಕಂಪನಿಯವರಿಂದ ಫೋನ್ ಬರುತ್ತೆ, ಆ ಆತುರದಲ್ಲಿ ತಗೊಂಡಿದ್ದೇ ಮುಂದೆ ತುಕ್ಕು ಹಿಡಿಯೋ ಮಷಿನ್ ಆಗೋದು.

ಮೂರು ವರ್ಷ ಆದ್ಮೇಲೆ ಏನು? ಇದನ್ನ ಮೊದಲನೇ ದಿನವೇ ಯೋಚನೆ ಮಾಡ್ಬೇಕು. ನಮ್ಮ ದುಡ್ಡು ನಿಂತ ಮೇಲೂ ಕೆಲಸ ನಡೀಬೇಕಂದ್ರೆ ಪಂಚಾಯ್ತಿನೋ ಸರ್ಕಾರನೋ ಅದನ್ನ ಕೈಗೆ ತಗೋಬೇಕು. ಮಕ್ಕಳ ಗ್ರಾಮಸಭೆ ಗೊತ್ತಲ್ಲ, ಮಕ್ಕಳು ಮೈಕ್ ಹಿಡ್ಕೊಂಡು "ನಮ್ಮ ಶಾಲೆ ಟಾಯ್ಲೆಟ್ಟಿಗೆ ನೀರಿಲ್ಲ" ಅಂತ ಪಂಚಾಯ್ತಿ ಅಧ್ಯಕ್ಷರ ಮುಂದೇನೇ ಹೇಳೋದು. ಅದು ದುಡಿಯೋ ಮಕ್ಕಳ ಜೊತೆ ಕೆಲಸ ಮಾಡ್ತಿದ್ದವರು ಕುಂದಾಪುರ ಕಡೆಯ ಕೆಲವು ಪಂಚಾಯ್ತಿಗಳಲ್ಲಿ ಮಾಡಿ ನೋಡಿದ ಪ್ರಯೋಗದಿಂದ ಬೆಳೆದಿದ್ದು, 2006ರಲ್ಲಿ ಎಲ್ಲಾ ಗ್ರಾಮ ಪಂಚಾಯ್ತಿಯಲ್ಲೂ ಮಾಡ್ಬೇಕು ಅಂತ ಸರ್ಕಾರ ಸುತ್ತೋಲೆ ಹೊರಡಿಸ್ತು. ಕೆಲವು ಕಡೆ ಬರೀ ಬಿಸ್ಕತ್ ಹಂಚಿ ಮುಗಿಸ್ತಾರೆ ನಿಜ, ಆದ್ರೂ ಸುತ್ತೋಲೆ ಇರೋದ್ರಿಂದ "ನಮ್ಮೂರಲ್ಲಿ ಯಾವಾಗ?" ಅಂತ ಕೇಳೋಕೆ ಒಂದು ಹಿಡಿತ ಇದೆ. ಹಾಗಂತ ಸರ್ಕಾರದ ಕೈಗೆ ಹೋಯ್ತು ಅಂದ ತಕ್ಷಣ ಗಟ್ಟಿ ಅಂತಲೂ ಅಲ್ಲ. ಸಹಕಾರ ಸಂಘದ ರೈತರಿಗೆ 2003ರಲ್ಲಿ ಶುರುವಾದ ಯಶಸ್ವಿನಿ ಆರೋಗ್ಯ ಯೋಜನೆ 2018ರಲ್ಲಿ ಬೇರೆ ಯೋಜನೆಯಲ್ಲಿ ಸೇರ್ಕೊಂಡು ನಿಂತೇಹೋಯ್ತು, 2022-23ರಲ್ಲಿ ಮತ್ತೆ ಬಂತು. ಊರೂರಲ್ಲಿ ಸಂಘ, ಅದಕ್ಕೊಬ್ಬ ಸೆಕ್ರೆಟರಿ ಇದ್ದಿದ್ದಕ್ಕೇ ಮತ್ತೆ ಮೆಂಬರ್ ಮಾಡ್ಕೊಳೋದು ಸಾಧ್ಯ ಆಯ್ತು ಅಂತ ನನ್ನ ಲೆಕ್ಕ.

ನೀವು ಮಾಡ್ಬೇಕಾದ್ದು ಇಷ್ಟು. ಆರು ತಿಂಗಳಿಗೊಮ್ಮೆಯಾದ್ರೂ ಗ್ರಾಮಸಭೆ ನಡೀಲೇಬೇಕು, ಅಲ್ಲಿ ಕೆಲಸ ಮಾಡ್ತಿರೋ ಆ ಅಕ್ಕನನ್ನೇ ಎದ್ದು ಮಾತಾಡೋಕೆ ಹೇಳಿ, ನೀವು ಹಿಂದಿನ ಸಾಲಲ್ಲಿ ಕೂತ್ಕೊಳಿ. ಹೇಳಿದ್ದು ನಡಾವಳಿ ಪುಸ್ತಕದಲ್ಲಿ ಬರೀತಿದಾರಾ ನೋಡಿ, ಪಿಡಿಓ ಹತ್ರ ಪ್ರತಿ ಕೇಳಿ, ಪಂಚಾಯ್ತಿಯ ಮುಂದಿನ ಕ್ರಿಯಾಯೋಜನೆಯಲ್ಲಿ ಒಂದು ಸಾಲು ಸೇರಿಸೋಕೆ ಒತ್ತಾಯ ಮಾಡಿ. ಬಾಯಲ್ಲಿ "ಮಾಡೋಣ ಬಿಡಿ" ಅಂದಿದ್ದು ಚಾ ಕುಡಿಯೋವರೆಗೂ ಇರಲ್ಲ.

ನಮ್ಮ ಶಾಲೆ ಕಥೆ ಕೇಳ್ತೀರಾ, ಬಿಎಸ್ಸಿ ಮುಗಿಸಿ ಊರಲ್ಲೇ ಇದ್ದ ಒಬ್ಬ ಹುಡುಗಿಗೆ ಈಗ ತಿಂಗಳಿಗೆ ಏಳು ಸಾವಿರ ಕೊಡ್ತೀವಿ, ವಾರಕ್ಕೆ ನಾಲ್ಕು ಮಧ್ಯಾಹ್ನ ಬರ್ತಾಳೆ. ಆರರಲ್ಲಿ ಮೂರು ಕಂಪ್ಯೂಟರ್ ಮಾತ್ರ ಬದುಕಿವೆ. ಹೊಸ ಬ್ಯಾಟರಿಗೆ ದುಡ್ಡು ಎತ್ತೋಣ ಅಂದ್ರೆ ಗ್ರೂಪಲ್ಲಿ ಹದಿನೆಂಟು ಜನ ಥಂಬ್ಸ್‌ಅಪ್ ಹಾಕಿದ್ದಾರೆ, ದುಡ್ಡು ಹಾಕಿರೋದು ನಾಲ್ಕು ಜನ.