ಹರಳಿನ ಕೆಲಸವೋ, ಎಂಡೋಟಾಕ್ಸಿನ್‌ನ ಕಿತಾಪತಿಯೋ?

ಗೌಟ್ ಕಾಯಿಲೆಯಲ್ಲಿ ಕೀಲುಗಳಲ್ಲಿ ಸೇರಿಕೊಳ್ಳುವ ಯೂರೇಟ್ ಹರಳುಗಳು ಎನ್‌ಎಲ್‌ಆರ್‌ಪಿ3 ಇನ್‌ಫ್ಲಮಸೋಮ್ ಎಂಬ, ಉರಿಯೂತ ಎಬ್ಬಿಸುವ ಪ್ರೋಟೀನ್ ಕೂಟವನ್ನು ಕೆರಳಿಸುತ್ತವೆ ಎಂದು ಯೂರ್ಗ್ ಚೋಪ್ ಅವರ ತಂಡ 2006ರಲ್ಲೇ ತೋರಿಸಿತ್ತು. ಅದೇ ಪ್ರಯೋಗವನ್ನು ನಮ್ಮ ಲ್ಯಾಬಿನಲ್ಲಿ ಕಟ್ಟಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಓದುವುದಕ್ಕೆ ಸಲೀಸು. ಮಾಡಲು ಕೂತರೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಎಂಡೋಟಾಕ್ಸಿನ್, ಅಂದರೆ ಎಲ್‌ಪಿಎಸ್ ಎಂಬ ಬ್ಯಾಕ್ಟೀರಿಯಾ ಹೊರಪದರದ ಅಂಶ; ಹರಳಿಗೆ ಅದು ಅಂಟಿದ್ದರೆ ಕೋಶ ಕೆರಳಿದ್ದು ಯಾವುದರಿಂದ ಎಂದೇ ತಿಳಿಯದು.

ಆಟೋಕ್ಲೇವ್ ಮಾಡಿದರೆ, ಅಂದರೆ ಒತ್ತಡದ ಹಬೆಯಲ್ಲಿಟ್ಟರೆ, ಬ್ಯಾಕ್ಟೀರಿಯಾ ಸಾಯುತ್ತದೆ, ಎಲ್‌ಪಿಎಸ್ ಉಳಿದುಬಿಡುತ್ತದೆ. ಹಾಗಾಗಿ ಹರಳು ಬೆಳೆಸುವ ಗಾಜಿನ ಸಾಮಾನನ್ನು 250 ಡಿಗ್ರಿ ಸೆಲ್ಸಿಯಸ್ ಒಣಶಾಖದಲ್ಲಿ ಅರ್ಧ ಗಂಟೆಗೂ ಹೆಚ್ಚು ಇಟ್ಟೆ. ಹರಳು ತಯಾರಾದ ಮೇಲೆ ಅದಕ್ಕೂ ಎಂಡೋಟಾಕ್ಸಿನ್ ಪತ್ತೆಹಚ್ಚುವ ಎಲ್‌ಎಎಲ್ ಪರೀಕ್ಷೆ ಮಾಡಿದೆ.

ಜೀವಕೋಶದ ಭಾಗ ಮಾಮೂಲಿ: ಇಲಿಯ ಮೂಳೆಮಜ್ಜೆಗೆ ಒಂದು ವಾರ ಎಂ-ಸಿಎಸ್‌ಎಫ್ ಎಂಬ ಬೆಳವಣಿಗೆ ಅಂಶ ಕೊಟ್ಟರೆ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶ ಸಿಗುತ್ತದೆ. ಅದಕ್ಕೆ ಮೊದಲು 4 ಗಂಟೆ ಎಲ್‌ಪಿಎಸ್ ಬೇಕೆಂದೇ ಹಾಕಿ ಪ್ರೈಮ್ ಮಾಡಿದೆ (ಸಜ್ಜುಗೊಳಿಸಿದೆ), ಆಮೇಲೆ ಹರಳು. ಪ್ರೈಮಿಂಗ್ ಇಲ್ಲದೆ ಕೋಶದೊಳಗೆ ಪ್ರೊ-ಐಎಲ್-1 ಬೀಟಾ (ಉರಿಯೂತದ ಸಂಕೇತವಾದ ಐಎಲ್-1 ಬೀಟಾದ ಇನ್ನೂ ಕತ್ತರಿಸದ ರೂಪ) ಸಾಕಷ್ಟು ತಯಾರಾಗುವುದೇ ಇಲ್ಲ. ಪಾಸಿಟಿವ್ ಕಂಟ್ರೋಲ್‌ಗೆ, ಅಂದರೆ ಖಚಿತವಾಗಿ ಫಲ ಕೊಡುವ ಹೋಲಿಕೆಗೆ, ನೈಜೆರಿಸಿನ್. ಅದು ಕೋಶದ ಪೊಟ್ಯಾಸಿಯಮ್ ಅನ್ನು ಹೊರಗೆ ಹರಿಸುತ್ತದೆ, ಎನ್‌ಎಲ್‌ಆರ್‌ಪಿ3 ಏಳಲು ಅಷ್ಟು ಸಾಕು.

ನಾನು ಮೊದಲು ನೋಡಿದ್ದು ಪ್ರೈಮ್ ಮಾಡದೆ ಬರೀ ಹರಳು ಹಾಕಿದ ವೆಲ್‌ಗಳ (ಪ್ಲೇಟಿನ ಗುಳಿಗಳ) ಟಿಎನ್‌ಎಫ್. ಎಲ್‌ಪಿಎಸ್ ತಾಗಿದರೆ ಕೋಶ ಹೊರಬಿಡುವ ಉರಿಯೂತದ ಸಂಕೇತ ಅದು. ಅಲ್ಲಿ ಟಿಎನ್‌ಎಫ್ ಕಂಡರೆ ಹರಳಿಗೆ ಏನೋ ಅಂಟಿಕೊಂಡಿದೆ ಎಂದೇ ಗುಮಾನಿ. ಪ್ಲೇಟಿನಲ್ಲಿ ಜಾಗವಿಲ್ಲ ಅಂತ ಹೊಸಬರು ಮೊದಲು ಕೈಬಿಡುವುದು ಇದೇ ವೆಲ್‌ಗಳನ್ನು; ನನ್ನನ್ನು ಕೇಳಿದರೆ ಬೇರೆ ಯಾವುದನ್ನಾದರೂ ಬಿಡಲಿ. ಗುಮಾನಿ ಬಂದಾಗ ಸಿ3ಎಚ್/ಹೆಚ್‌ಇಜೆ ಇಲಿಯ ಕೋಶ ಕೈ ಹಿಡಿಯುತ್ತದೆ. ಎಲ್‌ಪಿಎಸ್ ಗುರುತಿಸಲು ಬೇಕಾದ ಅದರ ಟಿಎಲ್‌ಆರ್4 ಜೀನಿನಲ್ಲೇ ದೋಷವಿದೆ ಎಂದು ಬ್ರೂಸ್ ಬಾಯ್ಟ್ಲರ್ ಅವರ ತಂಡ 1998ರಲ್ಲಿ ಪತ್ತೆಹಚ್ಚಿತ್ತು, ಹಾಗಾಗಿ ಅದು ಎಲ್‌ಪಿಎಸ್‌ಗೆ ಸ್ಪಂದಿಸುವುದಿಲ್ಲ. ಅದರಲ್ಲೂ ಟಿಎನ್‌ಎಫ್ ಬಂದರೆ ಕಲ್ಮಶ ಬೇರೆಯದು.

ಪ್ರೋಟೀನ್ ಅಳೆಯುವ ಎಲಿಸಾ ಪರೀಕ್ಷೆಯಲ್ಲಿ ಐಎಲ್-1 ಬೀಟಾ ಏರಿದ್ದಷ್ಟಕ್ಕೇ ನಾನು ಹಿಗ್ಗಲಿಲ್ಲ. ಬಹಳಷ್ಟು ಕಿಟ್‌ಗಳು ಪ್ರೊ-ರೂಪವನ್ನೂ ಸ್ವಲ್ಪ ಹಿಡಿಯುತ್ತವೆ. ಹರಳು ಹೆಚ್ಚಾಗಿ ಕೋಶ ಒಡೆದರೂ ಅದು ಹೊರಗೆ ಸೋರುತ್ತದೆ. ಅದಕ್ಕೇ ಪ್ರತಿ ಪ್ಲೇಟಿನಲ್ಲೂ ಕೋಶ ಒಡೆದರೆ ಸೋರುವ ಎಲ್‌ಡಿಎಚ್ ಕಿಣ್ವ ಅಳೆದು, ಮೇಲಿನ ದ್ರವವನ್ನು ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸಿ ತೋರಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಓಡಿಸಿ 17 ಕಿಲೋಡಾಲ್ಟನ್‌ನ ಪಟ್ಟಿ ಹುಡುಕಿದೆ. ಇನ್‌ಫ್ಲಮಸೋಮ್ ಎಬ್ಬಿಸುವ ಕ್ಯಾಸ್ಪೇಸ್-1 ಕಿಣ್ವ ಕತ್ತರಿಸಿದ ಪಕ್ವ ರೂಪ ಅದು. ಕೊನೆಗೆ ಪ್ರೈಮ್ ಆದ ಕೋಶಗಳಿಗೆ ಹರಳಿಗಿಂತ ಮೊದಲು ಎನ್‌ಎಲ್‌ಆರ್‌ಪಿ3 ತಡೆಯುವ ಎಂಸಿಸಿ950 ಕೊಟ್ಟೆ. 17ರ ಪಟ್ಟಿ ಮಾಸಿತು, ಟಿಎನ್‌ಎಫ್ ಇದ್ದಷ್ಟೇ ಇತ್ತು; ಅಂದರೆ ಐಎಲ್-1 ಬೀಟಾ ಬಂದದ್ದು ಎನ್‌ಎಲ್‌ಆರ್‌ಪಿ3 ದಾರಿಯಲ್ಲೇ. ಆಮೇಲೇ ಗ್ರಾಫ್ ಬರೆದೆ.