ಬುಫೋನ್ ಆಟ ನೋಡೋದು ಹೇಗೆ? 0-0 ಪಂದ್ಯಗಳಿಂದ ಶುರು ಮಾಡಿ

ಇಟಲಿಯ ಗೋಲ್‌ಕೀಪರ್ ಜಾನ್‌ಲುಯಿಜಿ ಬುಫೋನ್ ಅಂತ ಹುಡುಕಿದರೆ ಮೊದಲು ಸಿಗುವುದು ಜೋರಾಗಿ ಮ್ಯೂಸಿಕ್ ಹಾಕಿ ಜೋಡಿಸಿದ ಸೇವ್‌ಗಳ ವಿಡಿಯೊ. ಹಾರುತ್ತಾನೆ, ಬೆರಳ ತುದಿಯಲ್ಲಿ ಚೆಂಡು ತಳ್ಳುತ್ತಾನೆ, ಮುಂದಿನ ಕ್ಲಿಪ್. ನೋಡೋಕೆ ಖುಷಿ, ಅದರಲ್ಲಿ ಎರಡು ಮಾತಿಲ್ಲ. ಆದರೆ 1995ರಲ್ಲಿ ಮೈದಾನಕ್ಕೆ ಇಳಿದವನು 2023ರವರೆಗೆ ಹೇಗೆ ಆಡಿದ ಅನ್ನುವುದು ಅದರಲ್ಲಿ ಎಲ್ಲೂ ಕಾಣುವುದಿಲ್ಲ. ಗೋಲ್‌ಕೀಪರ್ ಕೆಲಸ ಬಹುಪಾಲು ಶಾಟ್ ಬರುವ ಮೊದಲೇ ಮುಗಿದಿರುತ್ತದೆ. ಆ ಭಾಗವನ್ನೇ ಈ ವಿಡಿಯೊಗಳಲ್ಲಿ ಕತ್ತರಿಸಿ ಬಿಸಾಡಿರುತ್ತಾರೆ.

ಹಾಗಾಗಿ ನನ್ನ ಸಲಹೆ ಕೇಳಿದರೆ, ಅವನ 0-0 ಪಂದ್ಯಗಳನ್ನು ಹುಡುಕಿ ಪೂರ್ತಿ ನೋಡಿ. ಗೋಲೇ ಇಲ್ಲದ ಪಂದ್ಯ ಯಾಕೆ ನೋಡಬೇಕು ಅಂತ ಕೇಳ್ತೀರಾ? ಇಟಲಿಯ ದೊಡ್ಡ ಲೀಗ್ ಸೀರಿ ಎನಲ್ಲಿ ಅವನ ಮೊದಲ ಪಂದ್ಯ 0-0. ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್‌ನಲ್ಲಿ ಅವನ ಮೊದಲ ಫೈನಲ್, 120 ನಿಮಿಷ ಆಡಿದ ಮೇಲೂ 0-0. ಯುರೋಪಿನ ದೇಶಗಳ ಟೂರ್ನಿಯಾದ ಯೂರೋದ 2012ರ ಕ್ವಾರ್ಟರ್ ಫೈನಲ್ ಕೂಡ ಹಾಗೇ. ಕಣ್ಣೀರು ಹಾಕುತ್ತಾ ವಿಶ್ವಕಪ್ ಕನಸು ಬಿಟ್ಟ 2017ರ ರಾತ್ರಿಯೂ 0-0. ಒಂದೇ ಸ್ಕೋರಿನಲ್ಲಿ ಒಬ್ಬ ಕೀಪರ್‌ನ ಇಡೀ ಜೀವನ ಸಿಗುವುದು ಅಪರೂಪ.

ಮೊದಲು ನೋಡುವ ರೀತಿ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ಕೀಪರ್ ಬಹಳ ಹೊತ್ತು ಕಾಣುವುದೇ ಇಲ್ಲ. ಎದುರಾಳಿ ತಂಡ ಪೆನಾಲ್ಟಿ ಬಾಕ್ಸ್ ಹತ್ತಿರ ಬಂದಾಗ ಮಾತ್ರ ಅವನು ಫ್ರೇಮಿನೊಳಗೆ ಬರುತ್ತಾನೆ. ಆಗ ಚೆಂಡನ್ನು ಮರೆತುಬಿಡಿ, ಅವನ ಪಾದ ನೋಡಿ. ಶಾಟ್ ಹೊಡೆಯುವವನ ಕಾಲು ಹಿಂದಕ್ಕೆ ಹೋದ ಕ್ಷಣವೇ ವಿಡಿಯೊ ನಿಲ್ಲಿಸಿ. ಬುಫೋನ್‌ನ ಎರಡೂ ಪಾದ ನೆಲದ ಮೇಲೆ ಇರುತ್ತವೆ, ಮೊಣಕಾಲು ಸ್ವಲ್ಪ ಬಾಗಿರುತ್ತದೆ, ಮೈ ಅಲ್ಲಾಡುವುದಿಲ್ಲ. ಚೆಂಡಿನಿಂದ ಗೋಲಿನ ಎರಡು ಕಂಬಗಳಿಗೆ ಮನಸ್ಸಿನಲ್ಲೇ ಒಂದೊಂದು ಗೆರೆ ಎಳೆಯಿರಿ. ಸಾಮಾನ್ಯವಾಗಿ ಅವನು ಆ ಎರಡು ಗೆರೆಗಳ ನಟ್ಟನಡುವೆ ನಿಂತಿರುತ್ತಾನೆ. ಇನ್ನೂ ಓಡುತ್ತಿರುವ ಕೀಪರ್‌ಗೆ ತಿರುಗಿ ಹಾರುವುದು ಕಷ್ಟ, ಆಗ ಸುಲಭದ ಚೆಂಡೂ ದೊಡ್ಡ ಡೈವ್ ಆಗುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ ಅಷ್ಟೆ. ಬುಫೋನ್ 1.92 ಮೀಟರ್ ಎತ್ತರ. ಸರಿಯಾದ ಜಾಗದಲ್ಲಿ ನಿಂತರೆ ಒಂದು ಹೆಜ್ಜೆ ಸಾಕಾಗುತ್ತಿತ್ತು.

ಇದನ್ನು ಇಟ್ಟುಕೊಂಡು 1995ರ ನವೆಂಬರ್ 19ಕ್ಕೆ ಹೋಗಿ. ಅವನ ಕ್ಲಬ್ ಪಾರ್ಮಾ, ಎದುರಾಳಿ ಮಿಲಾನ್. ಹುಡುಗನಿಗೆ 17 ವರ್ಷ. ಮುಖ್ಯ ಕೀಪರ್ ಲೂಕಾ ಬುಚ್ಚಿಗೆ ಗಾಯವಾಗಿತ್ತು, ಕೋಚ್ ನೆವಿಯೊ ಸ್ಕಾಲಾ ಧೈರ್ಯ ಮಾಡಿ ಈ ಹುಡುಗನನ್ನು ಇಳಿಸಿದರು. ಎದುರಿಗೆ ರೊಬರ್ಟೊ ಬಾಜೊ, ಜಾರ್ಜ್ ವೆಯಾ, ಆ ವರ್ಷ ಚಾಂಪಿಯನ್ ಆದ ತಂಡ. ಇಲ್ಲಿ ಗಮನಿಸಬೇಕಾದ್ದು ಅವನ ಅವಸರ. ಮುಂದಕ್ಕೆ ನುಗ್ಗುತ್ತಾನೆ, ಕ್ರಾಸ್ (ಬದಿಯಿಂದ ಗೋಲಿನ ಮುಂದಕ್ಕೆ ಎತ್ತಿ ಕೊಡುವ ಚೆಂಡು) ಬಂದರೆ ಹಿಂದೆ ಮುಂದೆ ನೋಡದೆ ಹೋಗುತ್ತಾನೆ, ಹೆದರಿಕೆ ಅನ್ನುವುದೇ ಗೊತ್ತಿಲ್ಲ. ಟಸ್ಕನಿಯ ಕರಾರಾದಲ್ಲಿ ಹುಟ್ಟಿದ ಇವನ ಮನೆಯೇ ಕ್ರೀಡಾಪಟುಗಳ ಮನೆ, ಅಮ್ಮ ಡಿಸ್ಕಸ್ ಎಸೆಯುತ್ತಿದ್ದವರು, ಅಕ್ಕಂದಿರಿಬ್ಬರು ವಾಲಿಬಾಲ್ ಆಟಗಾರ್ತಿಯರು. ಬಾಲ್ಯದಲ್ಲಿ ಇವನು ಮಿಡ್‌ಫೀಲ್ಡರ್. 1990ರ ವಿಶ್ವಕಪ್‌ನಲ್ಲಿ ಕ್ಯಾಮರೂನ್ ಕೀಪರ್ ಥಾಮಸ್ ಎನ್ಕೊನೊ ಆಟ ನೋಡಿ ಗೋಲಿಗೆ ಬಂದ. ಮುಂದೆ ಮಗನಿಗೆ ಲೂಯಿಸ್ ಥಾಮಸ್ ಅಂತ ಹೆಸರಿಟ್ಟ ಅಂದರೆ ಆ ಹುಚ್ಚು ಎಷ್ಟಿತ್ತು ನೋಡಿ.

ಪಾರ್ಮಾ ಕಾಲದ ಉಳಿದದ್ದನ್ನು ಬೇಗ ಮುಗಿಸಬಹುದು. 1997ರ ಅಕ್ಟೋಬರ್‌ನಲ್ಲಿ ಮಾಸ್ಕೋದ ಹಿಮದಲ್ಲಿ ರಷ್ಯಾ ಎದುರು ಇಟಲಿ ಪರ ಮೊದಲ ಪಂದ್ಯ, ಗಾಯಗೊಂಡ ಪಾಲ್ಯೂಕಾ ಜಾಗದಲ್ಲಿ. 1999ರಲ್ಲಿ ಅದೇ ಮಾಸ್ಕೋದಲ್ಲಿ ಮಾರ್ಸೆಯನ್ನು 3-0 ಸೋಲಿಸಿ ಯುರೋಪಿನ ಕ್ಲಬ್‌ಗಳ ಎರಡನೇ ದೊಡ್ಡ ಟೂರ್ನಿ ಯುಇಎಫ್‌ಎ ಕಪ್. 2001ರಲ್ಲಿ ಯುವೆಂಟಸ್ ಸುಮಾರು 5.2 ಕೋಟಿ ಯೂರೋ ಕೊಟ್ಟು ಕೊಂಡುಕೊಂಡಿತು. ಒಬ್ಬ ಕೀಪರ್‌ಗೆ ಅಷ್ಟು ದುಡ್ಡಾ ಅಂತ ಆಗ ಎಲ್ಲರೂ ಬಾಯಿ ಬಿಟ್ಟಿದ್ದರು. ಆ ದಾಖಲೆ ಮುರಿಯೋಕೆ 2018 ಬರಬೇಕಾಯಿತು.

ಎರಡನೇ ಪಂದ್ಯಕ್ಕೆ ಜಾಸ್ತಿ ಸಮಯ ಇಟ್ಟುಕೊಳ್ಳಿ: 2003ರ ಮೇ 28, ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್, ಯುವೆಂಟಸ್ ಮತ್ತು ಮಿಲಾನ್. ತುಂಬಾ ಜನ ಇದನ್ನು ಬೋರಿಂಗ್ ಫೈನಲ್ ಅಂತ ಬೈಯುತ್ತಾರೆ. ಕೀಪರ್‌ಗಳನ್ನು ನೋಡುವವರಿಗೆ ಹಬ್ಬ. ಮೊದಲಾರ್ಧದಲ್ಲಿ ಮಿಲಾನ್‌ನ ಇನ್ಸಾಗಿ ಹಾರಿ ತಲೆ ಕೊಟ್ಟ ಚೆಂಡನ್ನು ಬುಫೋನ್ ತಡೆಯುತ್ತಾನಲ್ಲ, ಅದನ್ನು ಮೂರ್ನಾಲ್ಕು ಸಲ ಹಿಂದಕ್ಕೆ ಹಾಕಿ ನೋಡಿ. ಕ್ರಾಸ್ ಬರುತ್ತಿರುವಾಗ ಅವನ ಪಾದ ಎಷ್ಟು ಬೇಗ ಜಾಗ ಬದಲಿಸುತ್ತದೆ ಅನ್ನುವುದರಲ್ಲೇ ಆ ಸೇವ್ ಇದೆ, ಕೈ ಬಂದದ್ದು ಕೊನೆಗೆ. ಪೆನಾಲ್ಟಿ ಶೂಟೌಟ್‌ನಲ್ಲಿ ಅವನು ಸೇಡಾರ್ಫ್, ಕಲಾಡ್ಜೆ ಇಬ್ಬರದ್ದನ್ನೂ ತಡೆದ. ಆ ಕಡೆ ಮಿಲಾನ್ ಕೀಪರ್ ಡಿಡಾ ಮೂರು ತಡೆದ. ಶೆವ್ಚೆಂಕೊ ಕೊನೆಯದನ್ನು ಹೊಡೆದು ಮುಗಿಸಿದ. ಇಬ್ಬರೂ ಕೀಪರ್‌ಗಳು ಒದೆಯುವ ಮುಂಚೆಯೇ ಗೆರೆ ಬಿಟ್ಟು ಎಷ್ಟು ಮುಂದೆ ಬರುತ್ತಾರೆ ಅಂತ ನೋಡಿ. ಈಗಿನ ವಿಎಆರ್ (ವಿಡಿಯೊ ನೋಡಿ ತೀರ್ಪು ತಿದ್ದುವ ವ್ಯವಸ್ಥೆ) ಆಗ ಇದ್ದಿದ್ದರೆ ಆ ಶೂಟೌಟ್ ಬೆಳಗಿನವರೆಗೂ ನಡೆಯುತ್ತಿತ್ತೇನೋ.

ಆ ಚಾಂಪಿಯನ್ಸ್ ಲೀಗ್ ಕಪ್ ಅವನಿಗೆ ಕೊನೆಗೂ ಸಿಗಲಿಲ್ಲ. 2015ರಲ್ಲಿ ಬಾರ್ಸಿಲೋನಾ ಎದುರು 3-1, 2017ರಲ್ಲಿ ರಿಯಲ್ ಮ್ಯಾಡ್ರಿಡ್ ಎದುರು 4-1, ಎರಡೂ ಫೈನಲ್ ಸೋತ. ಆ ಎರಡನ್ನು ನೋಡಲೇಬೇಕು ಅಂತೇನಿಲ್ಲ. ಆದರೆ 2003ರ ಫೈನಲ್ ಮುಗಿದ ಮೇಲಿನ ತಿಂಗಳುಗಳಲ್ಲಿ ಅವನು ಖಿನ್ನತೆಗೆ ಬಿದ್ದಿದ್ದ, ಸಹಾಯ ಪಡೆದ, ಮುಂದೆ ಅದನ್ನು ಬಹಿರಂಗವಾಗಿಯೂ ಹೇಳಿಕೊಂಡ. ಹಣ, ಹೆಸರು ಎಲ್ಲ ಇರುವ ಆಟಗಾರ ಹೀಗೆ ಮಾತಾಡುವುದು ಇಟಲಿಯ ಫುಟ್‌ಬಾಲ್‌ನಲ್ಲಿ ಸುಲಭ ಇರಲಿಲ್ಲ. 2003-04ರ ಪಂದ್ಯಗಳನ್ನು ನೋಡುವಾಗ ಇದು ನೆನಪಿರಲಿ.

2006ರ ವಿಶ್ವಕಪ್ ಬಿಡೋಕಾಗುತ್ತಾ? ಇಲ್ಲ. ಇಡೀ ಟೂರ್ನಿಯಲ್ಲಿ ಅವನು ಬಿಟ್ಟುಕೊಟ್ಟದ್ದು ಎರಡೇ ಗೋಲು, ಒಂದು ತನ್ನದೇ ತಂಡದ ಜಕಾರ್ಡೊ ಹೊಡೆದದ್ದು, ಇನ್ನೊಂದು ಫೈನಲ್‌ನಲ್ಲಿ ಜಿದಾನ್‌ನ ಪೆನಾಲ್ಟಿ. ಓಡುತ್ತಿರುವ ಆಟದಲ್ಲಿ ಎದುರಾಳಿ ಆಟಗಾರ ಒಬ್ಬನೂ ಅವನನ್ನು ದಾಟಿ ಗೋಲು ಹೊಡೆದಿಲ್ಲ. ಡಾರ್ಟ್‌ಮುಂಡ್‌ನ ಸೆಮಿಫೈನಲ್ ಜರ್ಮನಿ ಎದುರು 119ನೇ ನಿಮಿಷದವರೆಗೂ 0-0 ಇತ್ತು, ಅದನ್ನೂ ನಮ್ಮ ಪಟ್ಟಿಗೆ ಸೇರಿಸಿಕೊಳ್ಳಬಹುದು ಬಿಡಿ. ಫ್ರಾನ್ಸ್ ಎದುರಿನ ಬರ್ಲಿನ್ ಫೈನಲ್‌ನಲ್ಲಿ 104ನೇ ನಿಮಿಷಕ್ಕೆ ಹೋಗಿ: ಸನ್ಯೋಲ್ ಕ್ರಾಸ್, ಜಿದಾನ್ ತಲೆ, ಚೆಂಡು ಬಾರ್ ಕೆಳಗೆ ನೇರ ಒಳಗೆ ಹೋಗುತ್ತಿತ್ತು, ಬುಫೋನ್ ಒಂದೇ ಕೈಯಲ್ಲಿ ಮೇಲಕ್ಕೆ ತಳ್ಳಿದ. ಇಲ್ಲೂ ಅದೇ ಪರೀಕ್ಷೆ ಮಾಡಿ, ಜಿದಾನ್ ಹಣೆಗೆ ಚೆಂಡು ತಾಗುವಾಗ ನಿಲ್ಲಿಸಿ, ಬುಫೋನ್ ಎಲ್ಲಿದ್ದಾನೆ ನೋಡಿ. ಆಮೇಲೆ ಶೂಟೌಟ್‌ನಲ್ಲಿ ಅವನು ಒಂದೂ ತಡೆಯಲಿಲ್ಲ, ಟ್ರೆಜೆಗೆ ಹೊಡೆದದ್ದು ಬಾರ್‌ಗೆ ಬಡಿಯಿತು, ಇಟಲಿ ಗೆದ್ದಿತು. ಪೆನಾಲ್ಟಿ ತಡೆಯುವುದರಲ್ಲಿ ಇವನೇ ಜಗತ್ತಿನ ನಂಬರ್ ಒನ್ ಅಂತ ಯಾರಾದರೂ ಹೇಳಿದರೆ ನಾನಂತೂ ಒಪ್ಪುವುದಿಲ್ಲ.

ಕಪ್ ಗೆದ್ದ ಕೆಲವೇ ದಿನಗಳಲ್ಲಿ ರೆಫರಿಗಳ ನೇಮಕದಲ್ಲಿ ಕೈಯಾಡಿಸಿದ ಕಾಲ್ಚೋಪೊಲಿ ಹಗರಣದ ತೀರ್ಪು ಬಂದು ಯುವೆಂಟಸ್ ಎರಡನೇ ದರ್ಜೆಯ ಸೀರಿ ಬಿಗೆ ಇಳಿಯಿತು. ಬುಫೋನ್ ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಉಳಿದ. ಡೆಲ್ ಪಿಯೆರೊ, ನೆಡ್ವೆಡ್, ಟ್ರೆಜೆಗೆ ಕೂಡ ಉಳಿದರು. 9 ಪಾಯಿಂಟ್ ಕಡಿತ ಇದ್ದರೂ ತಂಡ ಆ ಲೀಗ್ ಗೆದ್ದು ವಾಪಸ್ ಬಂತು.

ಇಷ್ಟಾದ ಮೇಲೆ ಅವನನ್ನು ದೇವರು ಮಾಡಿಬಿಡಬೇಡಿ. 2012ರ ಫೆಬ್ರವರಿಯಲ್ಲಿ ಮಿಲಾನ್‌ನ ಮುಂಟಾರಿ ತಲೆ ಕೊಟ್ಟ ಚೆಂಡು ಗೆರೆ ದಾಟಿ ಚೆನ್ನಾಗಿಯೇ ಒಳಗೆ ಹೋಗಿತ್ತು, ಬುಫೋನ್ ಹೊರಗೆ ತಳ್ಳಿದ, ರೆಫರಿ ಗೋಲು ಕೊಡಲಿಲ್ಲ. ನನಗೆ ಗೊತ್ತಾಗಿದ್ದರೂ ರೆಫರಿಗೆ ಹೇಳುತ್ತಿರಲಿಲ್ಲ ಅಂತ ಆಮೇಲೆ ಹೇಳಿದ. 2018ರಲ್ಲಿ ಮ್ಯಾಡ್ರಿಡ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಸಿಕ್ಕ ಕೊನೆ ಗಳಿಗೆಯ ಪೆನಾಲ್ಟಿಗೆ ರೆಫರಿ ಮೈಕೆಲ್ ಆಲಿವರ್ ಮೇಲೆ ಕೂಗಾಡಿ ರೆಡ್ ಕಾರ್ಡ್ ತಿಂದ, ಪಂದ್ಯ ಮುಗಿದ ಮೇಲೂ ಆತನ ಎದೆಯಲ್ಲಿ ಹೃದಯದ ಬದಲು ಕಸದ ಡಬ್ಬಿ ಇದೆ ಅಂದ. ಇವೆರಡನ್ನೂ ನೋಡಿ. ಅಭಿಮಾನಿಗಳ ವಿಡಿಯೊದಲ್ಲಿ ಇವು ಇರುವುದಿಲ್ಲ.

ಮೂರನೆಯದು 2012ರ ಜೂನ್ 24, ಕೀವ್, ಇಂಗ್ಲೆಂಡ್ ಎದುರು. ಶುರುವಿನಲ್ಲೇ ಗ್ಲೆನ್ ಜಾನ್ಸನ್ ತೀರಾ ಹತ್ತಿರದಿಂದ ಹೊಡೆದದ್ದನ್ನು ಒಂದು ಕೈ ಹಾಕಿ ಕಿತ್ತು ಎಸೆದ ಹಾಗೆ ತಡೆಯುತ್ತಾನೆ. ಆಮೇಲೆ ಅವನಿಗೆ ಹೆಚ್ಚು ಕೆಲಸವೇ ಇಲ್ಲ. ಕೀಪರ್‌ಗೆ ಅದೇ ಕಷ್ಟದ ಪಂದ್ಯ, ಸುಮ್ನೆ ನಿಂತು ಗಮನ ಕಳೆದುಕೊಳ್ಳದೆ ಇರುವುದು. ಶೂಟೌಟ್‌ನಲ್ಲಿ ಆಶ್ಲಿ ಕೋಲ್‌ನದ್ದನ್ನು ತಡೆದ, ಇಟಲಿ ಸೆಮಿಫೈನಲ್‌ಗೆ ಹೋಯಿತು. 1995ರ ಹುಡುಗನ ಪಕ್ಕದಲ್ಲಿ ಈ 34ರ ಮನುಷ್ಯನನ್ನು ಇಟ್ಟು ನೋಡಿದರೆ ಓಡಾಟ ಎಷ್ಟು ಕಡಿಮೆಯಾಗಿದೆ, ಮುಂದಿನ ಡಿಫೆಂಡರ್‌ಗಳಿಗೆ ಕೈ ತೋರಿಸಿ ಹೇಳುವುದು ಎಷ್ಟು ಜಾಸ್ತಿಯಾಗಿದೆ ಅಂತ ಗೊತ್ತಾಗುತ್ತದೆ. ಈ ಅಭ್ಯಾಸದ ಫಲ 2016ರಲ್ಲಿ ಸಿಕ್ಕಿತು: ಡಿಫೆಂಡರ್‌ಗಳಾದ ಬಾರ್ಜಾಲಿ, ಬೊನೂಚ್ಚಿ, ಕಿಯೆಲ್ಲಿನಿ ಅವನ ಮುಂದೆ ನಿಂತಿದ್ದ ಕಾಲದಲ್ಲಿ ಸೀರಿ ಎನಲ್ಲಿ 974 ನಿಮಿಷ ಗೋಲು ಬಿಡಲಿಲ್ಲ. ಮಿಲಾನ್‌ನ ಸೆಬಾಸ್ಟಿಯಾನೊ ರೊಸ್ಸಿಯ 929 ನಿಮಿಷದ ಹಳೆ ದಾಖಲೆ ಹೋಯಿತು. ಮಾರ್ಚ್ 20ರಂದು ಟೊರಿನೊದ ಆಂಡ್ರಿಯಾ ಬೆಲೊಟ್ಟಿ ಪೆನಾಲ್ಟಿ ಹೊಡೆದು ಇದನ್ನು ನಿಲ್ಲಿಸಿದ. ಒಂದೇ ಊರಿನ ಎರಡು ಕ್ಲಬ್‌ಗಳ ಆ ಡರ್ಬಿಯನ್ನು ಯುವೆಂಟಸ್ 4-1 ಗೆದ್ದಿತು.

ನಾಲ್ಕನೆಯದು 2017ರ ನವೆಂಬರ್ 13, ಮಿಲಾನ್‌ನ ಸ್ಯಾನ್ ಸಿರೊ, ಸ್ವೀಡನ್. ವಿಶ್ವಕಪ್‌ಗೆ ಅರ್ಹತೆ ಪಡೆಯುವ ಎರಡು ಪಂದ್ಯಗಳಲ್ಲಿ ಮೊದಲನೆಯದನ್ನು 1-0 ಸೋತಿದ್ದ ಇಟಲಿಗೆ ಗೋಲು ಬೇಕಿತ್ತು. ಪಂದ್ಯದ ಮುಂಚಿನಿಂದ ನೋಡಿ: ಸ್ವೀಡನ್ ರಾಷ್ಟ್ರಗೀತೆಗೆ ಜನ ಸಿಳ್ಳೆ ಹಾಕುತ್ತಾರೆ, ಬುಫೋನ್ ಚಪ್ಪಾಳೆ ತಟ್ಟುತ್ತಾನೆ. ಆಮೇಲೆ 90 ನಿಮಿಷ ಅವನು ಗೋಲು ಬಿಡುವುದಿಲ್ಲ, ಅದರಿಂದ ಏನೂ ಉಪಯೋಗವೂ ಆಗುವುದಿಲ್ಲ. ಕೀಪರ್‌ಗೆ ಗೋಲು ಬಿಡದೆ ಇರೋಕೆ ಬರುತ್ತದೆ, ಹೊಡೆಯೋಕೆ ಬರಲ್ಲ ಅಲ್ವಾ. 1958ರ ನಂತರ ಮೊದಲ ಸಲ ಇಟಲಿ ವಿಶ್ವಕಪ್‌ಗೆ ಹೋಗಲಿಲ್ಲ. ಮುಂದಿನ ಮಾರ್ಚ್‌ನಲ್ಲಿ ಅರ್ಜೆಂಟೀನಾ ಎದುರು ಇನ್ನೊಂದು ಪಂದ್ಯ ಆಡಿದ ಮೇಲೆ 176ಕ್ಕೆ ಅವನ ರಾಷ್ಟ್ರೀಯ ತಂಡದ ಲೆಕ್ಕ ನಿಂತಿತು.

ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್‌ನಲ್ಲಿ ಆಡಿದ ಒಂದು ವರ್ಷವನ್ನು ದಾಟಿಕೊಂಡು, ಯುವೆಂಟಸ್‌ಗೆ ವಾಪಸ್ ಬಂದ ಕಾಲಕ್ಕೆ ಹೋಗಿ. ಕೊನೆಗೆ ಒಂದೇ ಒಂದು ಬೇರೆ ಬಗೆಯ ಪಂದ್ಯ: 2020ರ ಜುಲೈ 4, ಮತ್ತೆ ಟುರಿನ್ ಡರ್ಬಿ, ಸೀರಿ ಎನಲ್ಲಿ ಅವನ 648ನೇ ಪಂದ್ಯ, ಆ ಲೀಗ್‌ನಲ್ಲಿ ಅತಿ ಹೆಚ್ಚು ಪಂದ್ಯ ಆಡಿದ ಮಾಲ್ದೀನಿಯ ದಾಖಲೆ ದಾಟಿದ ದಿನ. ಕೊರೊನಾ ಕಾಲ, ಸ್ಟೇಡಿಯಂ ಖಾಲಿ. ಸ್ಟೇಡಿಯಂ ಸದ್ದು ಹಾಗೇ ಇರುವ ವಿಡಿಯೊ ಸಿಕ್ಕರೆ ಹೆಡ್‌ಫೋನ್ ಹಾಕಿಕೊಂಡು ಕೇಳಿ, ತುಂಬಿದ ಸ್ಟೇಡಿಯಂನಲ್ಲಿ ಕೇಳಿಸದ ಕೂಗಾಟ ಇಲ್ಲಿ ಕೇಳಿಸುತ್ತದೆ. 42 ವರ್ಷದ ಬುಫೋನ್ ಒಂದೇ ಗೋಲು ಬಿಟ್ಟ, ಅದೂ ಪೆನಾಲ್ಟಿ, ಹೊಡೆದವನು ಮತ್ತದೇ ಬೆಲೊಟ್ಟಿ. ಸ್ಕೋರ್ ಕೂಡ ಮತ್ತದೇ 4-1.