ಬಿಸಿ ರಮ್ಮು: ಕಷಾಯ ಮೊದಲು, ರಮ್ಮು ಕೊನೆಗೆ

ಡಿಸೆಂಬರ್ ಬಂತು ಅಂದರೆ ನಮ್ಮ ಚಿಕ್ಕಬಳ್ಳಾಪುರದಲ್ಲಿ ಚಳಿ ಮೈ ಕೊರೆಯುತ್ತದೆ. ನಂದಿಬೆಟ್ಟದ ಮಂಜು ಕೆಲವು ದಿನ ಊರೊಳಗೇ ಬಂದು ಕೂತಿರುತ್ತದೆ. ಈ ಕಾಲದಲ್ಲಿ ಊಟಕ್ಕೆ ಮುಂಚೆ ಒಂದು ಲೋಟ ಬಿಸಿ ರಮ್ಮು ಕುಡಿಯುವವರು ಬೇಕಾದಷ್ಟು ಜನ ಇದ್ದಾರೆ. ಅಂಥವರಿಗಾಗಿ ಇದನ್ನು ಹೇಳುತ್ತಿದ್ದೇನೆ. ಅಭ್ಯಾಸ ಇಲ್ಲದವರು ಚಳಿಯ ನೆಪದಲ್ಲಿ ಶುರು ಮಾಡಬೇಕಾಗಿಲ್ಲ.

ಇದರ ರುಚಿ ಎಲ್ಲಾ ಕಷಾಯದಲ್ಲೇ ಇದೆ. ಇಬ್ಬರಿಗಾದರೆ ಸುಮಾರು 400 ಎಂಎಲ್ ನೀರು ಇಡಿ. ಹೆಬ್ಬೆರಳ ಗೆಣ್ಣಿನಷ್ಟು ಹಸಿ ಶುಂಠಿಯನ್ನು ಮಣ್ಣು ಹೋಗುವ ಹಾಗೆ ತೊಳೆದು ಕುಟ್ಟಾಣಿಯಲ್ಲಿ ಜಜ್ಜಿ. ತುರಿಯಬೇಡಿ, ತುರಿದರೆ ಕಷಾಯ ಕದಡುತ್ತದೆ. ಐದಾರು ಕಾಳುಮೆಣಸು, ಒಂದು ತುಂಡು ಚಕ್ಕೆ, ಮೂರು ಲವಂಗ ಸಾಕು. ಲವಂಗ ಜಾಸ್ತಿಯಾದರೆ ನಾಲಿಗೆ ಮರಗಟ್ಟಿ ಬೇರೇನೂ ರುಚಿ ಹತ್ತುವುದಿಲ್ಲ. ಸಣ್ಣ ಉರಿಯಲ್ಲಿ ಕುದಿದು ಮುಕ್ಕಾಲು ಭಾಗಕ್ಕೆ ಇಳಿಯಬೇಕು. ಆಗ ಎರಡು ಚಮಚ ಬೆಲ್ಲ ಹಾಕಿ, ಕರಗಿದ ಮೇಲೆ ಸೋಸಿ. ಬೆಲ್ಲದಲ್ಲಿ ಕಲ್ಲು ಮಣ್ಣು ಇದ್ದೇ ಇರುತ್ತದೆ, ಅಲ್ವಾ?

ರಮ್ಮಿಗೆ ಬೆಲ್ಲವೇ ಸರಿ. ಎರಡೂ ಕಬ್ಬಿನಿಂದಲೇ ಬಂದವು. ರಮ್ಮು ಮಾಡುವುದು ಕಾಕಂಬಿಯಿಂದ, ಅಂದರೆ ಕಬ್ಬಿನ ಹಾಲಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕದಿಂದ. ಬ್ರಾಂದಿಯಾದರೆ ಬೆಲ್ಲದ ಬದಲು ಜೇನುತುಪ್ಪ ಹಾಕಿ, ಅದೂ ಒಲೆ ಆರಿಸಿದ ಮೇಲೆ.

ಈಗ ಮುಖ್ಯವಾದ ಮಾತು. ಕುದಿಯುವ ಪಾತ್ರೆಗೆ ರಮ್ಮು ಸುರಿಯಲೇಬೇಡಿ. ನೀರು 100 ಡಿಗ್ರಿಯಲ್ಲಿ ಕುದಿದರೆ ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುತ್ತದೆ. ಘಾಟು ಮೂಗಿಗೆ ಹೊಡೆಯುತ್ತದೆ, ಪರಿಮಳ ಗಾಳಿಗೆ ಹೋಗುತ್ತದೆ. ಆ ಆವಿಗೆ ಗ್ಯಾಸಿನ ಉರಿ ತಗುಲಿದರೆ ಬೆಂಕಿಯೇ ಹೊತ್ತಿಕೊಳ್ಳುತ್ತದೆ. ಒಲೆ ಆರಿಸಿ, ಕಷಾಯವನ್ನು ಕಪ್ಪಿಗೆ ಬಗ್ಗಿಸಿ, ಎರಡು ನಿಮಿಷ ಬಿಡಿ. ಆಮೇಲೆ ಕಪ್ಪಿಗೆ 30 ಎಂಎಲ್ ರಮ್ಮು. ಕಣ್ಣಂದಾಜು ಬೇಡ, ಅದು ದಿನದಿಂದ ದಿನಕ್ಕೆ ಬೆಳೆಯುತ್ತದೆ. ಕೆಮ್ಮಿನ ಔಷಧಿಯ ಜೊತೆ ಬರುವ ಗೆರೆ ಇರುವ ಮುಚ್ಚಳದಲ್ಲಿ ಅಳೆಯಿರಿ. ಕೊನೆಗೆ ಅರ್ಧ ನಿಂಬೆಹಣ್ಣು ಹಿಂಡಿ, ಬೀಜ ಬೀಳದ ಹಾಗೆ. ಬೀಜ ಬಿದ್ದು ನೆನೆದರೆ ಕಹಿ.

ಸ್ಟೀಲ್ ಲೋಟ ತುಟಿ ಸುಡುತ್ತದೆ, ತೆಳು ಗಾಜು ಸೀಳು ಬಿಡುತ್ತದೆ. ಪಿಂಗಾಣಿ ಕಪ್ಪು ಒಳ್ಳೆಯದು.

ಕುಡಿದ ಮೇಲೆ ಮೈ ಬೆಚ್ಚಗಾಗುವುದನ್ನು ನಂಬಿಕೊಂಡು ಹೊರಗೆ ಹೋಗಬೇಡಿ. ರಕ್ತ ಚರ್ಮದ ಕಡೆಗೆ ಜಾಸ್ತಿ ಹರಿಯುವುದರಿಂದ ಹಾಗನ್ನಿಸುತ್ತದೆ. ಒಳಗಿನ ಶಾಖ ಮಾತ್ರ ಬೇಗ ಹೊರಗೆ ಹೋಗುತ್ತಿರುತ್ತದೆ. ರಾತ್ರಿ ತ್ರೀ ಫೇಸ್ ಕರೆಂಟು ಬಂತು ಅಂತ ಮೋಟಾರ್ ಹಾಕಲು ತೋಟಕ್ಕೆ ಹೋಗುವವರು ಆ ಕೆಲಸ ಮುಗಿಸಿ ಬಂದೇ ಕುಡಿಯಿರಿ. ಗಾಡಿ ಅಂತೂ ಮುಟ್ಟಲೇಬೇಡಿ. ನೆಗಡಿ, ಜ್ವರಕ್ಕೆ ಪ್ಯಾರಾಸಿಟಮಾಲ್ ನುಂಗಿದ ದಿನ ರಮ್ಮು ಬೇಡ, ಎರಡೂ ಸೇರಿದರೆ ಲಿವರಿಗೆ ಕಷ್ಟ. ನಿದ್ದೆ ಮಾತ್ರೆ, ಸಕ್ಕರೆ ಕಾಯಿಲೆ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಕುಡಿಯಬಾರದು. ಬಸುರಿಯರಿಗೆ, ಮಕ್ಕಳಿಗೆ ಒಂದು ಚಮಚವೂ ಕೂಡದು.

ಕಷಾಯ ಸ್ವಲ್ಪ ಜಾಸ್ತಿಯೇ ಮಾಡಿಡಿ. ಕುಡಿಯದವರಿಗೆ ನಿಂಬೆ ಹಿಂಡಿ ಹಾಗೇ ಕೊಡಿ, ಉಳಿದದ್ದು ಫ್ರಿಜ್ಜಿನಲ್ಲಿಟ್ಟರೆ ಮಾರನೆ ದಿನಕ್ಕೆ ಬಿಸಿ ಮಾಡಿಕೊಳ್ಳಬಹುದು.